ಇಶಿಝುಚಿ: ಸರಪಳಿ ಹಿಡಿದು ಹತ್ತುವ ಬೆಟ್ಟ

ಜಪಾನಿನಲ್ಲಿ ಬೆಟ್ಟ ಹತ್ತಬೇಕು ಅಂದರೆ ಎಲ್ಲರೂ ಫ್ಯೂಜಿ ಅನ್ನುತ್ತಾರೆ. ನನ್ನನ್ನು ಕೇಳಿದರೆ ಶಿಕೋಕು ದ್ವೀಪದ ಇಶಿಝುಚಿಗೆ ಹೋಗಿ. ಎತ್ತರ 1982 ಮೀಟರ್, ಪಶ್ಚಿಮ ಜಪಾನಿಗೆ ಇದೇ ದೊಡ್ಡದು. ಇಲ್ಲಿ ಬೆಟ್ಟವೇ ದೇವರು. ಬೆಟ್ಟಗಳಲ್ಲಿ ತಪಸ್ಸು ಮಾಡುವ ಶುಗೆಂದೊ ಪಂಥದ ಸಾಧಕರು ಬಿಳಿ ಬಟ್ಟೆ ತೊಟ್ಟು, ಶಂಖ ಊದುತ್ತಾ ಹತ್ತುತ್ತಾರೆ.

ಒಕಾಯಾಮಾದಿಂದ ಎಕ್ಸ್‌ಪ್ರೆಸ್ ರೈಲು ಹಿಡಿದರೆ ಇಯೊ-ಸೈಜೊ ಊರು ಎರಡು ಗಂಟೆಯೊಳಗೆ ಬರುತ್ತದೆ. ಹಿಂದಿನ ರಾತ್ರಿ ಅಲ್ಲೇ ಉಳಿಯಿರಿ. ಆ ಊರಲ್ಲಿ ನೆಲದಿಂದ ತಾನಾಗಿ ಉಕ್ಕುವ ತಣ್ಣನೆ ನೀರು ಸಿಗುತ್ತದೆ, ಬಾಟಲಿ ತುಂಬಿಸಿಕೊಳ್ಳಿ. ಸಸ್ಯಾಹಾರಿಗಳು ಬುತ್ತಿ ಇಲ್ಲದೆ ಹೊರಡಬೇಡಿ. ಉದೊನ್ ಅನ್ನುವ ದಪ್ಪ ನೂಡಲ್ಸಿನ ಸಾರಿಗೆ ಸಾಮಾನ್ಯವಾಗಿ ಮೀನು ಹಾಕಿರುತ್ತಾರೆ. ಅಂಗಡಿಯ ಅನ್ನದುಂಡೆ ಕೊಳ್ಳುವಾಗಲೂ ಲೇಬಲ್ ನೋಡಿ.

ಸೈಜೊದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಆಮೇಲೆ ರೋಪ್‌ವೇ ನಿಮ್ಮನ್ನು 1300 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಬಸ್ಸು ಕಡಿಮೆ. ಕೊನೆಯ ರೋಪ್‌ವೇ, ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆಯೇ ಫೋಟೊ ತೆಗೆದಿಟ್ಟುಕೊಳ್ಳಿ. ಜೋಜು ಗುಡಿ ದಾಟಿದ ಮೇಲೆ ದಾರಿ ಕೆಳಗಿಳಿಯುತ್ತದೆ. ವಾಪಸ್ ಬರುವಾಗ, ಕಾಲು ಸೋತ ಹೊತ್ತಿನಲ್ಲಿ, ಅದನ್ನೇ ಹತ್ತಬೇಕು. ಅದಕ್ಕೆ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಇನ್ನು ಸರಪಳಿಗಳ ಮಾತು. ಬಂಡೆಯ ಮೇಲೆ ನಾಲ್ಕು ಕಡೆ ಕಬ್ಬಿಣದ ಸರಪಳಿ ಇಳಿಬಿಟ್ಟಿದ್ದಾರೆ. ಮೊದಲು ಬರುವ ಪರೀಕ್ಷೆಯ ಸರಪಳಿ 74 ಮೀಟರ್. ಮುಂದಿನವು 33, 65, 68 ಮೀಟರ್. ಕೊಂಡಿಗಳು ಎಷ್ಟು ದೊಡ್ಡವು ಅಂದರೆ ಬೂಟಿನ ತುದಿ ಒಳಗೆ ತೂರುತ್ತದೆ. ಕಾಲಿಡಲು ಅಲ್ಲಲ್ಲಿ ತ್ರಿಕೋನದ ಕಬ್ಬಿಣವೂ ಉಂಟು. ನಾನು 33 ಮೀಟರಿನದನ್ನು ಹಿಡಿದು ಹತ್ತಿದೆ. ತೋಳಿಗಿಂತ ಜಾಸ್ತಿ ಕಾಲನ್ನು ನಂಬಬೇಕು ಅಂತ ಅಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಮಂಜು ಕವಿದು ಬಂಡೆ ಒದ್ದೆಯಾಯಿತು, ಉಳಿದವನ್ನು ಬಿಟ್ಟು ಪಕ್ಕದ ಮೆಟ್ಟಿಲು ಹಿಡಿದೆ. ಎಲ್ಲ ಸರಪಳಿಗೂ ಹೀಗೆ ಬಳಸುದಾರಿ ಇದೆ. ಎತ್ತರದ ಭಯ ಇರುವವರು, ಮಕ್ಕಳ ಜೊತೆ ಬಂದವರು ಸುಮ್ನೆ ಆ ದಾರಿಯಲ್ಲೇ ಹೋಗಿ. ದೇವರ ದರ್ಶನಕ್ಕೆ ಏನೂ ಕಡಿಮೆ ಆಗುವುದಿಲ್ಲ.

ಜುಲೈ 1ರಿಂದ 10ರವರೆಗೆ ಇಲ್ಲಿ ಜಾತ್ರೆ. ಜುಲೈ 1ರಂದು ಹೆಂಗಸರು ಹತ್ತಬಾರದು ಎಂಬ ಸಂಪ್ರದಾಯ ಇದೆ. ನನಗೆ ಅದು ಒಪ್ಪಿಗೆಯಿಲ್ಲ, ಆದರೂ ದಿನ ಗೊತ್ತು ಮಾಡುವಾಗ ತಿಳಿದಿರಲಿ.

ಬೆಟ್ಟದ ಮೇಲಿನ ಗುಡಿ ಇರುವುದು ಮಿಸೆನ್ ಶಿಖರದಲ್ಲಿ. 1982 ಮೀಟರಿನ ತುದಿ ಅದರಾಚೆಯ ತೆಂಗು-ದಾಕೆ. ಬಂಡೆಯ ಕಿರಿದಾದ ಅಂಚಿನ ಮೇಲೆ ನಡೆಯಬೇಕು, ಉತ್ತರಕ್ಕೆ ನೇರ ಪ್ರಪಾತ. ಗಾಳಿ ಜೋರಾಗಿದ್ದರೆ ಮಿಸೆನ್‌ನಲ್ಲೇ ಕೈ ಮುಗಿದು ಹಿಂದಿರುಗಿ.