ಹಬ್ಬದ ಹೊಗೆಗೆ ಒಂದು ಮೀಟರ್: ಮೂರನೇ ಕಂತು

ದೀಪಾವಳಿಗೆ ನಾಲ್ಕು ದಿನ. ಪಟಾಕಿ ಹೊಗೆ ಅಳೆಯುವ ಆಸೆ. ಗಾಳಿಯಲ್ಲಿನ ಸಣ್ಣ ಕಣ ಅಳೆಯುವ ಪಿಎಂಎಸ್‌5003 ಸೆನ್ಸರ್ ಕೊನೆಗೂ ಮಾಡಿನ ಕೆಳಗೆ ಕೂತಿತು. ಅರ್ಧ ಅಡಿ ಪಿವಿಸಿ ಪೈಪು, ಬಾಯಿ ಕೆಳಮುಖ, ಅದಕ್ಕೊಂದು ಸೊಳ್ಳೆಪರದೆ ತುಂಡು. ಕಳೆದ ಸಲ ಪರದೆ ಇರಲಿಲ್ಲ, ಜೇಡವೊಂದು ಫ್ಯಾನಿನೊಳಗೇ ಸಂಸಾರ ಹೂಡಿತ್ತು. ಫ್ಯಾನ್ ಎಳೆದ ಗಾಳಿಗೆ ಲೇಸರ್ ಬಿಡುವುದು, ಕಣಗಳಿಗೆ ತಾಗಿ ಚದುರಿದ ಬೆಳಕನ್ನು ಅಳೆಯುವುದು. ಸೆನ್ಸರಿನ ಕೆಲಸ ಇಷ್ಟೇ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ನಿಮಿಷಕ್ಕೊಂದು ಸಾಲು ಬರೆದಿಡುತ್ತದೆ.

ಹಬ್ಬಕ್ಕೆ ಎರಡು ದಿನ. ಬೆಳಿಗ್ಗೆ ಆರಕ್ಕೆ ರೀಡಿಂಗ್ ಸರ್ರನೆ ಏರಿತು. ಹೊರಗೆ ಬಂದರೆ ಅಡಿಕೆ ತೋಟವೇ ಕಾಣದಷ್ಟು ಮಂಜು! ಈ ಸೆನ್ಸರಿಗೆ ನೀರಿನ ಹನಿಯೂ ಒಂದೇ, ಹೊಗೆಯೂ ಒಂದೇ. ತೇವಾಂಶ ನೋಡಲು ಬಿಎಂಇ280 ಸೇರಿಸಿದೆ. ಶೇ. 85 ದಾಟಿದ ಹೊತ್ತಿನ ಸಾಲುಗಳಿಗೆ ಈಗ ಕೆಂಪು ಬಣ್ಣ. ಅಳಿಸಿಲ್ಲ.

ನರಕ ಚತುರ್ದಶಿ. ನಾಲ್ಕೂವರೆಗೇ ಆಯಿ ಹಂಡೆಗೆ ನೀರು ತುಂಬಿ ಬಚ್ಚಲ ಒಲೆ ಹೊತ್ತಿಸಿದಳು. ಮಳೆಗಾಲದ ಥಂಡಿ ಹಿಡಿದ ಅಡಿಕೆ ಸಿಪ್ಪೆ, ಉರಿಗಿಂತ ಹೊಗೆಯೇ ಜಾಸ್ತಿ. ಹತ್ತು ನಿಮಿಷದಲ್ಲಿ ಪಿಎಂ 2.5 (2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು) ರೀಡಿಂಗ್ 38ರಿಂದ 290ಕ್ಕೆ ಹೋಯಿತು. ಊರಲ್ಲಿ ಒಂದು ಪಟಾಕಿಯೂ ಹೊಡೆದಿರಲಿಲ್ಲ! ಸೆನ್ಸರ್ ಇದ್ದದ್ದು ಬಚ್ಚಲ ಕಿಟಕಿಯಿಂದ ನಾಲ್ಕು ಹೆಜ್ಜೆ ದೂರ, ಇದು ನನ್ನದೇ ದಡ್ಡತನ. ಗ್ರಾಫ್ ತೋರಿಸಿದರೆ ಆಯಿ, "ಹೊಗೆ ಇಲ್ದೇ ನೀರು ಕಾಯ್ತದಾ?" ಅಂದಳು. ಪಟಾಕಿ ಹಿಡಿಯಲು ಹೋಗಿ ನಮ್ಮನೆ ಒಲೆಯನ್ನೇ ಹಿಡಿದಂತಾಯಿತು.

ಆ ಗ್ರಾಫನ್ನು ಶಿರಸಿಯ ಗೆಳೆಯನಿಗೆ ಕಳಿಸಿದ್ದೂ ತಪ್ಪಾಯಿತು. "ಮಿತಿ 60 ಅಲ್ವಾ, ಐದು ಪಟ್ಟು!" ಎಂದು ಗ್ರೂಪಿಗೆ ಹಾಕಿಬಿಟ್ಟ. ನಮ್ಮ ದೇಶದ ಘನಮೀಟರಿಗೆ 60 ಮೈಕ್ರೋಗ್ರಾಂ ಮಿತಿ 24 ಗಂಟೆಯ ಸರಾಸರಿಗೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ 15 ಕೂಡ ಹಾಗೇ. ಒಂದು ನಿಮಿಷದ ಶಿಖರವನ್ನು ಅದರ ಪಕ್ಕ ಇಡುವಂತಿಲ್ಲ. ನನ್ನ ಆ ದಿನದ ಸರಾಸರಿ 41, ಅದರಲ್ಲೂ ಮಂಜಿನ ಪಾಲಿದೆ.

ಪಾಡ್ಯ. ಸೆನ್ಸರನ್ನು ಅಂಗಳದಾಚೆಯ ಹಲಸಿನ ಮರಕ್ಕೆ ಕಟ್ಟಿದೆ, ಸದ್ಯಕ್ಕೆ ಪವರ್ ಬ್ಯಾಂಕ್ ಮೇಲೆ. ರಾತ್ರಿ ಎಂಟಕ್ಕೆ ಪಟಾಕಿ ಶುರು. ಗ್ರಾಫಿನಲ್ಲಿ ಸೂಜಿಯಂಥ ಗೆರೆಗಳು, ಗಾಳಿ ಬೀಸಿದರೆ ಮಾಯ. ಹತ್ತರ ನಂತರ ಸದ್ದು ನಿಂತಿತು, ಗೆರೆ ಮಾತ್ರ ಇಳಿಯಲೇ ಇಲ್ಲ. ನಮ್ಮದು ತಗ್ಗಿನ ಜಾಗ. ರಾತ್ರಿ ನೆಲ ತಣಿದರೆ ತಂಪು ಗಾಳಿ ಕೆಳಗೇ ಕೂರುತ್ತದೆ, ಹೊಗೆಯೂ ಅದರ ಜೊತೆ.

ಪಟಾಕಿಯ ಗಂಧಕ ಸುಟ್ಟ ಆ ಘಾಟು ಸಲ್ಫರ್ ಡೈಆಕ್ಸೈಡ್ ಅನಿಲದ್ದು. ಅದಕ್ಕೆಂದು ತಂದ ಎಂಕ್ಯು135 ಅನಿಲ ಸೆನ್ಸರ್ ಒಗ್ಗರಣೆಗೂ ಕುಣಿಯುತ್ತದೆ, ಯಾವ ಅನಿಲ ಎಂದು ಬಿಡಿಸಿ ಹೇಳಲ್ಲ. ಬಿಚ್ಚಿ ಡಬ್ಬಿಗೆ ಹಾಕಿದೆ. ಸದ್ಯಕ್ಕೆ ಮೂಗೇ ವಾಸಿ.

ತುಳಸಿ ಪೂಜೆಗೆ ಹನ್ನೊಂದು ದಿನ, ಉಳಿದ ಪಟಾಕಿಯೆಲ್ಲ ಅಂದೇ ಖಾಲಿಯಾಗುವುದು. ಅಷ್ಟರೊಳಗೆ ಮರದವರೆಗೆ ವೈರ್ ಎಳೆಯಬೇಕು. ಸಿಪ್ಪೆಯನ್ನು ಅಂಗಳದಲ್ಲಿ ಒಣಗಲು ಹರವಿದ್ದೇನೆ.