ಅಕ್ವಿನಾಸ್ ವಾದನಕ್ಷೆ: 2ನೇ ಪ್ರಶ್ನೆ ಮುಗಿಯಿತು, 46ನೆಯದು ನಡೆಯುತ್ತಿದೆ

13ನೇ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸನ ದೇವತಾಶಾಸ್ತ್ರ ಗ್ರಂಥ ‘ಸುಮ್ಮಾ ಥಿಯೊಲಾಜಿಯೆ’ಯ ಮೊದಲ ಭಾಗದಲ್ಲಿ 119 ಪ್ರಶ್ನೆಗಳಿವೆ. ಅವುಗಳಲ್ಲಿನ ವಾದಗಳನ್ನು ನಕ್ಷೆಯಾಗಿ ಬಿಡಿಸುತ್ತಿದ್ದೇವೆ; ಎಲ್ಲಕ್ಕೂ ನಕ್ಷೆ ಬೇಕಿಲ್ಲ. ತರ್ಕ ಎಲ್ಲಿಯವರೆಗೆ, ನಂಬಿಕೆ ಎಲ್ಲಿಂದ ಎಂದು ಆತನೇ ಗೆರೆ ಎಳೆಯುವ ಜಾಗಗಳು ಸಾಕು.

ದೇವರಿದ್ದಾನೆಯೇ ಎಂಬ 2ನೇ ಪ್ರಶ್ನೆಯಲ್ಲಿ ಮೂರು ಉಪಪ್ರಶ್ನೆ, ಒಟ್ಟು ಎಂಟು ಪೂರ್ವಪಕ್ಷ (ಎದುರಾಳಿಯ ವಾದ). ಉಪಪ್ರಶ್ನೆಗೊಂದು ಹಾಳೆ: ಎಡಕ್ಕೆ ಪೂರ್ವಪಕ್ಷ, ನಡುವೆ ಸಿದ್ಧಾಂತ, ಅಂದರೆ ಅಕ್ವಿನಾಸನ ಸ್ವಂತ ನಿರ್ಣಯ, ಬಲಕ್ಕೆ ಪೂರ್ವಪಕ್ಷಗಳಿಗೆ ಅವನ ಉತ್ತರಗಳು. ಓದನ್ನು ಮಾತ್ರ ನಡುವಿನಿಂದ ಶುರು ಮಾಡಬೇಕು. ಆಮೇಲೆ ಪ್ರತಿ ಉತ್ತರದಿಂದ ಬಾಣ ಎಳೆದು, ಪೂರ್ವಪಕ್ಷದ ಯಾವ ಆಧಾರವಾಕ್ಯಕ್ಕೆ ಅದು ತಗಲುತ್ತದೆ ಎಂದು ಗುರುತಿಸಿ. ಎದುರಾಳಿಯ ಮಾತಿನಲ್ಲಿ ಅರ್ಧ ಒಪ್ಪಿ ಉಳಿದರ್ಧಕ್ಕೆ ಭೇದ ತೋರಿಸುವುದು ಅವನ ರೂಢಿ. ಪೂರ್ತಿ ಅಡ್ಡಗೆರೆ ಹೊಡೆದರೆ ಇದು ಕಳೆದುಹೋಗುತ್ತದೆ. ಸಿದ್ಧಾಂತಕ್ಕೆ ಮೊದಲು, ಪೂರ್ವಪಕ್ಷಕ್ಕೆ ಎದುರಾಗಿ ಬರುವ ಪ್ರತಿವಚನವನ್ನು ಪ್ರಮಾಣವೆಂದು ಎಣಿಸುವುದೂ ತಪ್ಪೇ. ಮೂರನೆಯ ಉಪಪ್ರಶ್ನೆಯಲ್ಲಿ ಅದು ಬೈಬಲಿನ ವಿಮೋಚನಕಾಂಡ 3:14ರ ಉಲ್ಲೇಖ ಮಾತ್ರ. ದೇವರಿದ್ದಾನೆ ಎಂದು ಸಾಧಿಸಲು ಅವನು ಅಲ್ಲಿ ಕೊಡುವ ಐದು ಮಾರ್ಗಗಳು ಅದನ್ನು ಆಧರಿಸಿಲ್ಲ.

ಇಡೀ ಕೆಲಸದ ಅಚ್ಚು ಇರುವುದು ಎರಡನೆಯ ಉಪಪ್ರಶ್ನೆಯ ಮೊದಲ ಉತ್ತರದಲ್ಲಿ. ದೇವರಿದ್ದಾನೆ ಎಂಬುದು ನಂಬಿಕೆಯ ಸೂತ್ರವಲ್ಲ, ಸೂತ್ರಗಳಿಗೆ ಪೀಠಿಕೆ. ತರ್ಕದಿಂದ ಅದನ್ನು ಸಾಧಿಸಬಹುದು; ಪ್ರಮಾಣ ಗ್ರಹಿಸಲಾಗದವರು ನಂಬಿಕೆಯಿಂದಲೇ ಒಪ್ಪಿದರೂ ಅಡ್ಡಿಯಿಲ್ಲ. ಇಷ್ಟು ಉದಾರವಾದ ಮಾತು ಇಷ್ಟು ಚಿಕ್ಕ ಜಾಗದಲ್ಲಿ ಅಡಗಿದೆ!

46ನೇ ಪ್ರಶ್ನೆಯ ಎರಡನೆಯ ಉಪಪ್ರಶ್ನೆ ಗೆರೆಯ ಆಚೆಗಿನದು. ಜಗತ್ತಿಗೆ ಆರಂಭವಿತ್ತು ಎಂಬುದನ್ನು ನಂಬಿಕೆಯಿಂದಷ್ಟೇ ಹಿಡಿಯಬಹುದು, ತರ್ಕದಿಂದ ಸಾಧಿಸಲಾಗದು. ಗಟ್ಟಿಯಿಲ್ಲದ ವಾದ ತಂದರೆ ನಂಬದವರು ನಗಲು ಎಡೆಯಾಗುತ್ತದೆ ಎಂಬ ಎಚ್ಚರಿಕೆ ಬೇರೆ. ಹಾಗಾದರೆ ಐದರಲ್ಲಿ ಮೊದಲ ಮಾರ್ಗದಲ್ಲಿ, ಒಂದು ಇನ್ನೊಂದನ್ನು ಚಲಿಸುವಂತೆ ಮಾಡುವ ಚಾಲಕರ ಸರಣಿ ಅನಂತವಾಗಲಾರದು ಎಂದದ್ದು ಹೇಗೆ? ಅಲ್ಲಿನ ಸರಣಿಯನ್ನು ಕಾಲದಲ್ಲಿ ಹಿಂದಕ್ಕೆ ಎಳೆಯುವುದರಿಂದಲೇ ಈ ಗೊಂದಲ. ಕೈ ಚಲಿಸಿದರೆ ತಾನೇ ಕೋಲು ಚಲಿಸುವುದು. ಕೈ ನಿಂತ ಕ್ಷಣ ಕೋಲೂ ನಿಲ್ಲುತ್ತದೆ. 46ರ ಏಳನೆಯ ಉತ್ತರದಲ್ಲಿ ಕಮ್ಮಾರನ ಸುತ್ತಿಗೆಗಳು ಒಂದಾದ ಮೇಲೊಂದು ಮುರಿಯುತ್ತವೆ. ಈ ಸುತ್ತಿಗೆಯ ಪೆಟ್ಟಿಗೆ ಹಿಂದಿನ ಸುತ್ತಿಗೆ ಬೇಕಿಲ್ಲ. ಇಂಥ ಸರಣಿ ಅನಂತವಾದರೂ ಅವನಿಗೆ ತಕರಾರಿಲ್ಲ. ಮೊದಲನೆಯದನ್ನು ಮೇಲಿನಿಂದ ಕೆಳಕ್ಕೆ, ಎರಡನೆಯದನ್ನು ಅಡ್ಡಕ್ಕೆ ಬರೆದರೆ ತೊಡಕು ಬಿಡುತ್ತದೆ.

46ರ ಈ ಉಪಪ್ರಶ್ನೆಯ ಎಂಟು ಪೂರ್ವಪಕ್ಷಗಳಲ್ಲಿ ಏಳಕ್ಕೆ ಬಾಣ ಬಿದ್ದಿದೆ. ಎಂಟನೆಯದು ಅನಂತ ಆತ್ಮಗಳ ವಾದ: ಜಗತ್ತು ಅನಾದಿಯಾಗಿದ್ದರೆ ಸತ್ತವರ ಅಮರ ಆತ್ಮಗಳು ಈಗ ಅನಂತವಾಗಿರಬೇಕು, ಅದು ಅಸಾಧ್ಯ ಎಂಬುದು. ಅದಕ್ಕೆ ಅವನು ಹಲವರ ಪರಿಹಾರಗಳನ್ನು ಹೇಳಿ, ಈ ವಾದ ಮನುಷ್ಯರಿಗಷ್ಟೇ ಅನ್ವಯಿಸುತ್ತದೆ, ಇಡೀ ಸೃಷ್ಟಿಗಲ್ಲ ಎಂದು ಬಿಡುತ್ತಾನೆ. ಅಲ್ಲಿಗೆ ಸದ್ಯ ಚುಕ್ಕೆಗೆರೆ ಹಾಕಿದ್ದೇವೆ.