ಪೇಂಟ್‌ಬಾಲ್ ಆಡೋಕೆ ಎಷ್ಟು ಜನ ಬೇಕು?

"ನಾವು ಆರೇ ಜನ, ಪೇಂಟ್‌ಬಾಲ್ ಆಡೋಕೆ ಸಾಕಾಗುತ್ತಾ?" ಅಂತ ಒಬ್ಬರು ಕೇಳುತ್ತಾರೆ. "ಮೂವತ್ತು ದಾಟಿಬಿಟ್ಟಿದ್ದೀವಿ, ಹೇಗೆ ಆಡಿಸೋದು?" ಅಂತ ಇನ್ನೊಬ್ಬರು. ಗನ್ನಿನಿಂದ ಬಣ್ಣ ತುಂಬಿದ ಗುಂಡು ಹೊಡೆದು ಎದುರಾಳಿಗಳನ್ನು ಔಟ್ ಮಾಡುವ ಈ ಆಟವನ್ನು ಗುಂಪುಗಳಿಗೆ ಆಡಿಸುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಇಬ್ಬರಿಗೂ ನಾನು ಹೇಳುವುದು ಇಷ್ಟೇ. ಎಷ್ಟು ಜನ ಆದರೂ ಆಡಬಹುದು. ಆದರೆ ಔಟಾದವರು ಎಷ್ಟು ಹೊತ್ತು ಸುಮ್ನೆ ಕೂತಿರಬೇಕಾಗುತ್ತೆ ಅನ್ನೋದನ್ನ ಮೊದಲು ನೋಡಿ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಒಮ್ಮೆ ಮೂವತ್ತು ಜನರನ್ನು ಎರಡು ಟೀಮ್ ಮಾಡಿ, ಗುಂಡು ಬಿದ್ದವರು ಔಟ್, ಕೊನೆಗೆ ಉಳಿದ ಟೀಮ್ ಗೆದ್ದಂತೆ ಎಂದುಬಿಟ್ಟೆ. ಮೊದಲ ನಿಮಿಷದಲ್ಲೇ ಔಟಾದ ಒಬ್ಬರು ಅರ್ಧ ಗಂಟೆ ಮೊಬೈಲ್ ನೋಡುತ್ತಾ ಕೂತರು. ಮುಂದಿನ ಸುತ್ತಿಗೆ ಕರೆದರೆ "ನೀವು ಆಡಿ, ಪರವಾಗಿಲ್ಲ" ಎಂದರು.

ಈಗ ದೊಡ್ಡ ಗುಂಪಿಗೆ ಆ ಆಟ ಆಡಿಸುವುದೇ ಇಲ್ಲ. ಔಟಾದವರು ಕೈ ಮೇಲೆತ್ತಿ ತಮ್ಮ ಟೀಮಿನ ನೆಲೆಗೆ ಹೋಗಿ, ಅಲ್ಲಿನ ಕಂಬ ಮುಟ್ಟಿ, ಮತ್ತೆ ಆಟಕ್ಕೆ ಇಳಿಯಬೇಕು. ಇಲ್ಲವೇ ಕೋಟೆ ಆಟ: ಮೂರನೇ ಒಂದು ಭಾಗ ಜನ ಒಳಗೆ ಕಾಯುತ್ತಾರೆ, ಉಳಿದವರು ನುಗ್ಗುತ್ತಾರೆ. ನುಗ್ಗುವವರಿಗೆ ಎಷ್ಟು ಜೀವ ಬೇಕಾದರೂ ಇದೆ, ಕಾಯುವವರಿಗೆ ಒಂದೇ. 20 ನಿಮಿಷಕ್ಕೆ ಸೀಟಿ. ಇದಕ್ಕೆ ಗುಂಡು ಜಾಸ್ತಿ ಖರ್ಚಾಗುತ್ತೆ. ಗನ್ ಮೇಲಿನ ಡಬ್ಬಿಯಲ್ಲಿ ಸುಮಾರು 200 ಗುಂಡು ಹಿಡಿಯುತ್ತವೆ, ಹೊಸಬರು ಅದನ್ನು ಮರಗಳಿಗೇ ಹೊಡೆದು ಮುಗಿಸುತ್ತಾರೆ! ತೋಳಿಗೆ ಬಣ್ಣದ ಪಟ್ಟಿಯಂತೂ ಬೇಕೇ ಬೇಕು. ಮಾಸ್ಕ್ ಹಾಕಿದ ಮೇಲೆ ಯಾರು ಯಾರೆಂದೇ ಗೊತ್ತಾಗಲ್ಲ. ಹತ್ತು ಹದಿನೈದು ಜನರಿಗೆ ಒಬ್ಬ ರೆಫ್ರಿ ಇರಲಿ.

ಆರು ಜನರ ಕಷ್ಟ ಬೇರೆ. ಅವರನ್ನು ದೊಡ್ಡ ಕಾಡಿಗೆ ಬಿಟ್ಟರೆ ಅರ್ಧ ಹೊತ್ತು ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಕಳೆಯುತ್ತೆ. ಚಿಕ್ಕ ಅಂಗಳ, ನಾಲ್ಕಾರು ಅಡ್ಡಗೋಡೆ, ಮೂವರಿಗೆ ಮೂವರು, ಐದು ನಿಮಿಷದ ಸುತ್ತು. ಇಲ್ಲಿ ಔಟಾದರೂ ಪರವಾಗಿಲ್ಲ, ನೀರು ಕುಡಿಯುವಷ್ಟರಲ್ಲಿ ಮುಂದಿನ ಸುತ್ತು ಬಂದಿರುತ್ತೆ. ಎರಡೂ ಟೀಮ್ ಕಿತ್ತುಕೊಳ್ಳೋಕೆ ಮಧ್ಯದಲ್ಲಿ ಒಂದೇ ಬಾವುಟ ನೆಡಿ, ಇಲ್ಲದಿದ್ದರೆ ಎಲ್ಲರೂ ಗೋಡೆಯ ಹಿಂದೆಯೇ ಅಂಟಿಕೊಂಡಿರುತ್ತಾರೆ. ಐದೇ ಜನ ಬಂದರೆ ಇಬ್ಬರ ಟೀಮಿಗೆ ಎರಡೆರಡು ಜೀವ ಕೊಡುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು ಹತ್ತರಿಂದ ಹದಿನಾರು ಜನರ ಗುಂಪು. ಏನು ಆಡಿಸಿದರೂ ನಡೆಯುತ್ತೆ. ಒಬ್ಬರನ್ನು ವಿಐಪಿ ಮಾಡಿ, ಅವರನ್ನು ಈ ತುದಿಯಿಂದ ಆ ತುದಿಗೆ ಕಾಪಾಡಿಕೊಂಡು ಹೋಗುವ ಆಟ ಚೆನ್ನಾಗಿರುತ್ತೆ. ಆಫೀಸಿನವರಾದರೆ ಬಾಸ್‌ನೇ ವಿಐಪಿ ಮಾಡಿ. ಎದುರು ಟೀಮಿಗೆ ಸೇರಲು ನೂಕುನುಗ್ಗಲು ಆಗುತ್ತೆ.

ಅಂದ ಹಾಗೆ, ಈ ಆಟ ಶುರುವಾದದ್ದೂ 12 ಜನರಿಂದಲೇ. 1981ರ ಜೂನ್ 27ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಒಂದು ಕಾಡಿನಲ್ಲಿ. ಮರಗಳಿಗೂ ದನಗಳಿಗೂ ಬಣ್ಣದ ಗುರುತು ಹಾಕುವ ಗನ್ ಅವರ ಕೈಯಲ್ಲಿತ್ತು. ಟೀಮ್ ಇಲ್ಲ, ಅವರವರ ಪಾಡಿಗೆ ಬಾವುಟಗಳನ್ನು ಕೂಡಿಸಬೇಕಿತ್ತು. ಗೆದ್ದವನು ಕಾಡು ನೋಡಿಕೊಳ್ಳುವ ಕೆಲಸದವನು. ಒಂದು ಗುಂಡೂ ಹಾರಿಸಲಿಲ್ಲ. ಓಡಲು ಆಗಲ್ಲ, ಗುರಿ ಬರಲ್ಲ ಅಂತ ಹಿಂದೇಟು ಹಾಕುವವರಿಗೆ ನಾನು ಹೇಳುವ ಕಥೆ ಇದು.

ಗುಂಪು ಎಷ್ಟೇ ದೊಡ್ಡದಿರಲಿ, ಮಾಸ್ಕ್ ವಿಷಯದಲ್ಲಿ ಮಾತ್ರ ನನ್ನದು ಹಟ. ಗುಂಡಿನ ವೇಗ ಸೆಕೆಂಡಿಗೆ 300 ಅಡಿ ಮೀರಬಾರದು ಅನ್ನೋದು ಸಾಮಾನ್ಯ ಮಿತಿ, ಅದಕ್ಕಿಂತ ಕಡಿಮೆ ಇದ್ದರೂ ಕಣ್ಣು ಹೋಗಬಹುದು. ಮಂಜು ಕಟ್ಟಿತು ಅಂತ ಅಂಗಳದಲ್ಲೇ ಮಾಸ್ಕ್ ಎತ್ತುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ನಾನು ಆಟವನ್ನೇ ನಿಲ್ಲಿಸುತ್ತೇನೆ.

ಇನ್ನೊಂದು ವಿಷಯ. ಇಪ್ಪತ್ತು ಜನ ಬರ್ತೀವಿ ಅಂದವರು ಹದಿನೇಳು ಜನ ಬರುತ್ತಾರೆ. ಅದಕ್ಕೇ ಯಾವ ಆಟ ಅಂತ ಹಿಂದಿನ ದಿನ ಕೇಳಿದರೆ ನಾನು ಹೇಳಲ್ಲ. ಬೆಳಿಗ್ಗೆ ತಲೆ ಎಣಿಸಿದ ಮೇಲೆಯೇ ಹೇಳೋದು.